ಮೊಣಕಾಲಿಗಿಂತ ಸ್ವಲ್ಪ ಮೇಲೆ

ಆಸ್ಪತ್ರೆಯ ತುರ್ತು ವಿಭಾಗದ ಮುಂದೆ ದರ್ಜಿ ತನ್ನ ಸರದಿಗೆ ಕಾಯುತ್ತಿದ್ದ. ಕೂತು ಹೊಲಿಯುವ ಕಸುಬು. ಕುರು ಎದ್ದ ಜಾಗ ಕುರ್ಚಿಗೆ ತಾಗದಂತೆ ಒಂದೇ ಪಕ್ಕಕ್ಕೆ ವಾಲಿದ್ದ. ಹತ್ತಿರದಲ್ಲೇ ವಯಸ್ಸಾದ ದಂಪತಿ. ಗಂಡ, ಹೆಂಡತಿಯ ದೊಡ್ಡ ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡಿದ್ದ.

"ಕೌಂಟರಲ್ಲಿ ಏನಂತ ಹೇಳಿದ್ರಿ?" ಎಂದು ಹೆಂಡತಿ ಕೇಳಿದಳು.

"ಮೊಣಕಾಲು ನೋವು ಅಂತ."

"ಅದಕ್ಕೇ ನಮ್ಮನ್ನ ಕೊನೇಲಿ ಕೂರಿಸಿದಾರೆ. ಆ ಗಂಡಸ್ತನದ ಮಾತ್ರೆ ನುಂಗಿದ್ದು ಯಾವಾಗ?"

"ತಿಂಡಿಗೆ ಮುಂಚೆ. ಆಗಿಂದ ಇಳಿದೇ ಇಲ್ಲ."

"ಈಗ ಊಟದ ಹೊತ್ತೂ ಮೀರಿತು. ನಾಲ್ಕು ಗಂಟೆ ಕಳೆದ್ರೂ ಇಳೀದಿದ್ರೆ ಓಡಿ ಬನ್ನಿ ಅಂತ ಡಾಕ್ಟರು ಬಿಡಿಸಿ ಹೇಳಿರ್ಲಿಲ್ವಾ?"

"ತಾನಾಗೇ ಹೋಗುತ್ತೆ ಅಂದ್ಕೊಂಡೆ. ತಣ್ಣೀರು ಸುರ್ಕೊಂಡೆ. ಮಗ್ಗಿ ಹೇಳ್ಕೊಂಡೆ."

"ಎಷ್ಟರ ಮಗ್ಗಿವರೆಗೆ?"

"ಹತ್ತೊಂಬತ್ತರದ್ದು ನಂಗೆ ಮೊದ್ಲಿಂದ್ಲೂ ಬರಲ್ಲ. ನಗಬೇಡ, ನೋಯ್ತಿದೆ."

"ನಗ್ತಿಲ್ಲ ಕಣ್ರೀ, ಹೆದರಿಕೆ ಆಗ್ತಿದೆ. ರಕ್ತ ಅಲ್ಲೇ ನಿಂತ್ರೆ ಕಾಯಂ ಕೆಡುತ್ತಂತೆ. ಈಗ ನಾಚ್ಕೊಂಡು ಕೂತ್ರೆ, ಆಮೇಲೆ ನಾಚ್ಕೊಳ್ಳೋಕೂ ಏನೂ ಉಳಿಯಲ್ಲ."

ಆಕೆ ಎದ್ದು ನೇರ ಕೌಂಟರಿಗೆ ಹೋದಳು.

"ನಮ್ಮನೆಯವರ ನೋವು ಮೊಣಕಾಲಲ್ಲಲ್ಲ, ಅದಕ್ಕಿಂತ ಸ್ವಲ್ಪ ಮೇಲೆ," ಎಂದು ಮಾತ್ರೆಯ ಹೆಸರನ್ನೂ ಹೇಳಿದಳು. ನರ್ಸ್ ತಕ್ಷಣ ಗಾಲಿಕುರ್ಚಿ ತಂದಳು.

"ಇದನ್ನ ಮೊದ್ಲೇ ಹೇಳಿದ್ರೆ ಆಗ್ಲೇ ಒಳಗಿರ್ತಿದ್ರಿ, ಯಜಮಾನ್ರೇ."

"ಕೈಚೀಲ ನನ್ನ ಹತ್ರಾನೇ ಇರ್ಲಿ," ಎಂದ ಗಂಡ ಹೆಂಡತಿಗೆ.

"ಇಟ್ಕೊಳ್ಳಿ. ಆದ್ರೆ ಒಳಗೆ ಡಾಕ್ಟರಿಗೂ ಮೊಣಕಾಲು ತೋರಿಸಬೇಡಿ."

ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು. ದರ್ಜಿ ಅದನ್ನೇ ನೋಡುತ್ತ ಕೂತಿದ್ದು, ಮೆಲ್ಲಗೆ ಎದ್ದು ಕೌಂಟರಿಗೆ ಹೋದ.

"ನಾನು ಹಲ್ಲುನೋವು ಅಂದಿದ್ದೆನಲ್ಲ," ಎಂದ. "ನೋವು ಅದಕ್ಕಿಂತ ತುಂಬಾ ಕೆಳಗೆ."