ಎಕ್ಸ್‌ರೇಯ ಕಪ್ಪು

ನಮ್ಮೂರ ಆಸ್ಪತ್ರೆಯಲ್ಲಿ ತೆಗೆದ ನನ್ನ ಹೆಂಡತಿಯ ಮಣಿಕಟ್ಟಿನ ಎಕ್ಸ್‌ರೇ ದೂರದ ಡಾಕ್ಟರಿಗೆ ತಲುಪಿರಲಿಲ್ಲ. ಮೂಳೆ ಮುರಿದಿದೆಯೋ ಇಲ್ಲವೋ ಎಂದು ಅವರು ಹೇಳುವ ತನಕ ಪಟ್ಟಿ ಕಟ್ಟುವಂತಿಲ್ಲ. ಚಿತ್ರ ಕಳಿಸುವ ಪ್ರೋಗ್ರಾಂ ಬರೆದ ಅಕ್ಕ ತಮ್ಮ ಇಬ್ಬರೂ ಎದುರು ಬೆಂಚಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಬೈಯಲು ಎದ್ದವನು ಅವರ ಮಾತು ಕಿವಿಗೆ ಬಿದ್ದು ನಿಂತೆ.

“ಹೆಸರು ತಲುಪಿದೆ, ವಯಸ್ಸು ತಲುಪಿದೆ. ಚಿತ್ರ ಮಾತ್ರ ತುಂಡಾಗಿದೆ ಕಣೋ.”

“ಎಲ್ಲಾನೂ ಒಂದೇ ಮೂಟೇಲಿ ಕಟ್ಟಿದೀನಲ್ಲಕ್ಕಾ. ಒಂದೊಂದರ ಮಧ್ಯೆ ಗಡಿಗೆರೆನೂ ಹಾಕಿದೀನಿ.”

“ಚಿತ್ರದ ಉದ್ದ ಹೇಗೆ ಅಳೆದೆ?”

“ಹೆಸರಿನ ಉದ್ದ ಅಳೆದ ಹಾಗೇ.”

“ಅಯ್ಯೋ ಪುಣ್ಯಾತ್ಮ! ನಾವು ಪ್ರೋಗ್ರಾಂ ಬರೆದ ಸಿ ಭಾಷೇಲಿ ಆ ಅಳತೆ ಸೊನ್ನೆ ಕಂಡಲ್ಲೇ ಮುಗೀತು ಅಂತ ನಿಂತುಬಿಡುತ್ತೆ. ಹೆಸರಲ್ಲಿ ಸೊನ್ನೆ ಇರಲ್ಲ. ಈ ಚಿತ್ರದಲ್ಲಿ ಕಪ್ಪಿರೋ ಕಡೆಯೆಲ್ಲ ಕಂಪ್ಯೂಟರ್ ಬರೆಯೋದು ಸೊನ್ನೆನೇ.”

“ನಿನ್ನೆ ಪರೀಕ್ಷೆ ಮಾಡಿದಾಗ ಸರಿಯಾಗೇ ಹೋಯ್ತಲ್ಲ?”

“ಏನು ಕಳಿಸಿದ್ದೆ?”

“ಎರಡು ಸಾಲು ಬರಹ.”

“ಬಚ್ಚಲಲ್ಲಿ ಈಜು ಕಲಿತು ಹೊಳೆಗೆ ಹಾರಿದ್ಯಾ!”

ತಮ್ಮ ತಲೆ ಕೆರೆದುಕೊಂಡ.

“ಕಪ್ಪು ಅಂದ್ರೆ ಅಲ್ಲಿ ಏನೂ ಇಲ್ಲ ಅಂತ ತಾನೇ ಅಕ್ಕಾ?”

“ಮೂಳೆ ಬಿರುಕು ಬಿಟ್ರೆ ಕಪ್ಪು ಗೆರೆಯಾಗೇ ಕಾಣೋದು. ಡಾಕ್ಟ್ರು ಹುಡುಕೋದೇ ಅದನ್ನ. ಫೈಲು ಎಷ್ಟು ದೊಡ್ಡದು ಅಂತ ಕಂಪ್ಯೂಟರನ್ನೇ ಕೇಳಿ, ಅಷ್ಟನ್ನೂ ಕಳಿಸು.”

ಅವನು ತಿದ್ದಿ ಮತ್ತೆ ಕಳಿಸಿದ. ಇಬ್ಬರೂ ಉಸಿರು ಹಿಡಿದು ಪರದೆ ನೋಡಿದರು.

“ಡಾಕ್ಟ್ರ ಕಡೆ ಚಿತ್ರ ಪೂರ್ತಿ ತೆರ್ಕೊಂಡಿದೆ ಅಕ್ಕಾ.”

ನನಗೆ ತಡೆಯಲಾಗಲಿಲ್ಲ. “ಬಿರುಕಿದೆಯೇನಮ್ಮಾ?” ಎಂದು ಕೇಳಿಬಿಟ್ಟೆ.

“ಅದನ್ನ ಹೇಳೋಕೆ ನಾವ್ಯಾರಣ್ಣಾ?” ಎನ್ನುತ್ತಾ ಅವಳು ಲ್ಯಾಪ್‌ಟಾಪ್ ಮುಚ್ಚಿದಳು. “ಇದ್ರೆ ಇನ್ನು ಡಾಕ್ಟ್ರಿಗೆ ಕಾಣುತ್ತೆ.”

ಇಬ್ಬರೂ ನರ್ಸಿಗೆ ತಿಳಿಸಲು ಒಳಗೆ ಹೋದರು.