ಕಾಗಾಲದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಬಗ್ಗೆ

ಹೆಸರು: ಸಂಪದಾ, ಗಂಡ ಸುಹಾಸ ನಾಯ್ಕ. ಪ್ರಾಯ: 27 ವರ್ಷ. ವೃತ್ತಿ: ಮನೆವಾರ್ತೆ, ಬಿ.ಎಸ್ಸಿ. ಓದಿದ್ದೇನೆ. ತವರು: ಭಟ್ಕಳ. ಸಾ|| ಕಾಗಾಲ ರಸ್ತೆ, ಕುಮಟಾ.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ನನ್ನ ಕೈಯಿಂದಲೇ ಬರೆದುಕೊಡುವುದೇನೆಂದರೆ:

ನನ್ನ ಗಂಡ ಹೊನ್ನಾವರದ ಒಂದು ವಿಮಾ ಕಚೇರಿಯಲ್ಲಿ ನೌಕರ. ದಿನಾಂಕ 14-12-2025 ರವಿವಾರ ಕಾಗಾಲದಲ್ಲಿ ನಡೆದ ಟ್ರಯಥ್ಲಾನ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದರು. 750 ಮೀಟರ್ ಈಜಿ, 20 ಕಿ.ಮೀ. ಸೈಕಲ್ ಹೊಡೆದು, 5 ಕಿ.ಮೀ. ಓಡುವುದನ್ನು ನಡುವೆ ನಿಲ್ಲಿಸದೆ ಮಾಡಬೇಕು. ಎಂಟು ತಿಂಗಳಿಂದ ತಯಾರಿ ನಡೆದಿತ್ತು. ಫ್ರಿಜ್ಜಿನ ಬಾಗಿಲಿಗೆ ಹನ್ನೊಂದು ಸಾಲಿನ ಪಟ್ಟಿ ಅಂಟಿಸಿದ್ದರು. ಟಯರ್ ಗಾಳಿ ಸ್ಪರ್ಧೆಯ ದಿನ ಬೆಳಿಗ್ಗೆಯೇ ನೋಡುವುದು. ಹತ್ತುವ ಜಾಗದಲ್ಲಿ ಸೈಕಲ್ಲನ್ನು ಹಗುರ ಗೇರ್‌ನಲ್ಲಿ ಇಡುವುದು. ಹೆಲ್ಮೆಟ್ ಪಟ್ಟಿ ಬಿಚ್ಚಿ ಹ್ಯಾಂಡಲ್ ಮೇಲೆ ಇಡುವುದು, ಸೈಕಲ್ ಮುಟ್ಟುವ ಮೊದಲೇ ಹಾಕಿಕೊಳ್ಳುವುದು. ಹನ್ನೊಂದನೆಯದು, ಕೊನೆಯ ದಿನ ಹೊಸದೇನನ್ನೂ ಮಾಡಬಾರದು. ಮಗುವನ್ನು ಎತ್ತಿಕೊಂಡು ಫ್ರಿಜ್ಜಿನ ಎದುರು ಓಡಾಡಿ ಓಡಾಡಿ ನನಗೆ ಅದು ಬಾಯಿಪಾಠವಾಗಿದೆ.

ನಮ್ಮ ಮಗ ಶಿಶಿರನಿಗೆ ಐದು ತಿಂಗಳು. ಅವನು ಹುಟ್ಟಿದ ಮೇಲೆ ನಾನು ಒಂದೇ ಸಮ ಎರಡು ಗಂಟೆಗಿಂತ ಹೆಚ್ಚು ಮಲಗಿದ್ದಿಲ್ಲ. ಸಬೂಬು ಎಂದು ಇದನ್ನು ಬರೆಯುತ್ತಿಲ್ಲ.

ದಿನಾಂಕ 13 ಶನಿವಾರ ಬೆಳಿಗ್ಗೆ 10-40ಕ್ಕೆ ಸೈಕಲ್ ಮತ್ತು ಕೊಡೆ ದುರಸ್ತಿ ಮಾಡುವ ಜಟ್ಟಿಯವರು, ಪ್ರಾಯ ಸುಮಾರು 55, ಸೈಕಲ್ ತಂದುಕೊಟ್ಟರು. ಬ್ರೇಕಿಗೆ ಹೊಸ ಪ್ಯಾಡ್ ಹಾಕಿದ್ದಾಗಿಯೂ, ಆ ಪ್ಯಾಡ್ ಕಚ್ಚಿ ಹಿಡಿಯುವ ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಸ್ಪಿರಿಟ್ ಹಾಕಿ ಒರೆಸಿದ್ದಾಗಿಯೂ ಹೇಳಿದರು. ನಾನು ಇಡಗುಂಜಿ ಗಣಪತಿಯ ಪ್ರಸಾದದ ಹೂ ಹಿಡಿದು ನಿಂತದ್ದನ್ನು ನೋಡಿ ನಕ್ಕು, "ಹೂ ಹಾಕೂದಾದ್ರೆ ಹ್ಯಾಂಡಲಿಗೆ ಹಾಕು ತಂಗೀ, ಚಕ್ರ ಮುಟ್ಟೂಕೆ ಹೋಗ್ಬೇಡ" ಎಂದರು. ಮಗುವಿನ ಬೆರಳು ಸಿಕ್ಕೀತೆಂದು ಹೇಳಿದರೆಂದುಕೊಂಡೆ.

11-30ಕ್ಕೆ ಮಗುವಿಗೆ ತೆಂಗಿನೆಣ್ಣೆ ಹಚ್ಚಿ ನೀರು ಹಾಕಿ ಮಲಗಿಸಿದೆ. ಬಟ್ಟಲಿನಲ್ಲಿ ಎರಡು ಚಮಚೆಯಷ್ಟು ಎಣ್ಣೆ ಉಳಿದಿತ್ತು. ಸಮುದ್ರದ ಗಾಳಿಗೆ ಸೈಕಲ್ ತುಕ್ಕು ಹಿಡಿಯುತ್ತದೆಂದು ನನ್ನ ಗಂಡ ಹಿಂದಿನ ವಾರ ಬೇಜಾರು ಮಾಡಿಕೊಂಡಿದ್ದರು. ಭಟ್ಕಳದ ನಮ್ಮ ಮನೆಯಲ್ಲಿ ಕತ್ತಿ, ಈಳಿಗೆ, ಬಾವಿಯ ರಾಟೆ, ಹೊಲಿಗೆ ಯಂತ್ರ ಎಲ್ಲಕ್ಕೂ ಅಮ್ಮ ತೆಂಗಿನೆಣ್ಣೆಯ ಕೈ ಆಡಿಸುತ್ತಾಳೆ. ಕಬ್ಬಿಣ ಕಂಡರೆ ನನ್ನ ಕೈಯೂ ಎಣ್ಣೆಗೆ ಹೋಗುತ್ತದೆ. 12-10ರಿಂದ 12-30ರವರೆಗೆ ಜಗಲಿಯಲ್ಲಿ ಕೂತು, ಮಗುವಿನ ಹಳೇ ಬಟ್ಟೆಯಿಂದ ಸೈಕಲ್ಲಿನ ಸರಪಳಿ, ಸ್ಕ್ರೂಗಳು ಮತ್ತು ಎರಡೂ ಚಕ್ರಗಳ ಡಿಸ್ಕಿಗೆ, ಎರಡೂ ಬದಿ, ಎಣ್ಣೆ ಹಚ್ಚಿದೆ. ಆಮೇಲೆ ಹೊಳೆಯುವ ಹಾಗೆ ಒರೆಸಿದೆ. ನನ್ನ ಗಂಡ ಒಳಗೆ ನಿದ್ದೆ ಮಾಡುತ್ತಿದ್ದರು. ಅವರಿಗೆ ಹೇಳಲಿಲ್ಲ. ಅವರಿಗಾಗಿ ನಾನೂ ಏನೋ ಒಂದು ಮಾಡಿದೆನೆಂದು ಸಮಾಧಾನವಾಗಿತ್ತು.

ಸಂಜೆ 4-00ಕ್ಕೆ ನನ್ನ ಗಂಡ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿ ಕಾಗಾಲಕ್ಕೆ ಒಯ್ದು ಸ್ಪರ್ಧೆಯ ಜಾಗದಲ್ಲಿ ಬಿಟ್ಟರು. ಅಲ್ಲಿ ಸ್ಪರ್ಧೆಯವರು ಚಕ್ರ ಎತ್ತಿ ತಿರುಗಿಸಿ ಬ್ರೇಕ್ ಒತ್ತಿ ನೋಡಿದರು. ಕೈಯಲ್ಲಿ ತಿರುಗಿಸಿದ ಚಕ್ರ ನಿಂತಿತು. ಯಾರೂ ಹತ್ತಿ ನೋಡಲಿಲ್ಲ.

ರವಿವಾರ 7-00ಕ್ಕೆ ಈಜು ಶುರುವಾಯಿತು. 7-19ಕ್ಕೆ ನನ್ನ ಗಂಡ ನೀರಿನಿಂದ ಎದ್ದು ಬಂದರು. ಫ್ರಿಜ್ಜಿನ ಪಟ್ಟಿಯಲ್ಲಿದ್ದಂತೆ ಮೊದಲು ಹೆಲ್ಮೆಟ್ ಹಾಕಿ ಅದರ ಪಟ್ಟಿ ಬಿಗಿದರು. ಮಗುವಿನ ಕಡೆ ಕೈಬೀಸಿ ಹೊರಟರು. ಅಲ್ಲಿಂದ ಸುಮಾರು 3 ಕಿ.ಮೀ. ದೂರದ ಇಳಿಜಾರಿನ ತಿರುವಿನಲ್ಲಿ ಸೈಕಲ್ ನಿಲ್ಲದೆ ಚಿರೆಕಲ್ಲಿನ ಪಾಗಾರದ ಗೋಡೆಗೆ ಬಡಿಯಿತು. ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದ ಸ್ವಯಂಸೇವಕಿ ಧನ್ಯಶ್ರೀ, ಅವರು ಎರಡೂ ಬ್ರೇಕನ್ನು ಒತ್ತಿಯೇ ಹಿಡಿದಿದ್ದರೆಂದು ನನಗೆ ಹೇಳಿದಳು. ಬಲ ಹೆಗಲೆಲುಬು, ಬಲ ಮಣಿಕಟ್ಟು ಮುರಿದಿದೆ. ಹೆಲ್ಮೆಟ್ ಎರಡು ಹೋಳಾಗಿದೆ, ತಲೆಗೆ ಏನೂ ಆಗಿಲ್ಲ.

ಆಸ್ಪತ್ರೆಯಲ್ಲಿ ಅವರು ಹೇಳಿದ ಮೊದಲ ಮಾತು, "ಬ್ರೇಕ್ ಹಿಡೀಲೇ ಇಲ್ಲ" ಎಂದು. ಆಗ ನನ್ನ ಭಾವ, ಅಂದರೆ ಅವರ ಅಣ್ಣ ಗಿರೀಶ ನಾಯ್ಕ, "ಕೊಡೆ ರಿಪೇರಿ ಮಾಡೂವವನ ಕೈಲಿ ರೇಸ್ ಸೈಕಲ್ ಕೊಟ್ರೆ ಮತ್ತೆಂತ ಆಗ್ತದೆ?" ಎಂದರು. ನಾನು ಜಟ್ಟಿಯವರ ಮೇಲೆ ಸಿಟ್ಟಾಗಿಯೇ ಇದ್ದೆ. ಅಷ್ಟು ಹೊತ್ತಿನವರೆಗೂ ಎಣ್ಣೆಯ ವಿಷಯ ನನಗೆ ಹೊಳೆದಿರಲಿಲ್ಲ.

ಅದೇ ದಿನ ಸಂಜೆ 5-10ಕ್ಕೆ, ನಾನು ಮಗುವಿನ ಬಟ್ಟೆಗೆಂದು ಮನೆಗೆ ಬಂದಾಗ, ಸ್ಪರ್ಧೆಯವರು ಜಗಲಿಯಲ್ಲಿ ತಂದಿಟ್ಟು ಹೋಗಿದ್ದ ಸೈಕಲ್ ನೋಡಲು ಜಟ್ಟಿಯವರು ಬಂದರು. ಕೂತು ಡಿಸ್ಕಿನ ಮೇಲೆ ಬೆರಳು ಆಡಿಸಿ ಮೂಗಿಗೆ ಹಿಡಿದರು. ಆಗ ನನಗೆ ಹೊಳೆಯಿತು. "ತಂಗೀ, ಇದ್ಕೆ ಎಂತಾದ್ರೂ ಹಚ್ಚಿದ್ಯೆ?" ಎಂದು ಕೇಳಿದರು.

ಇಲ್ಲ ಎಂದೆ. ಅದು ಸುಳ್ಳು.

ಮಗು ನನ್ನ ಸೊಂಟದ ಮೇಲಿತ್ತು. ಜಟ್ಟಿಯವರು ಎದ್ದು ಹತ್ತಿರ ಬಂದರು. ಮಗುವಿನ ತಲೆಯಲ್ಲಿ ಅದೇ ಎಣ್ಣೆಯ ವಾಸನೆ. ಕೈ ಹಿಂಬದಿಯಿಂದ ಅದರ ತಲೆ ಮುಟ್ಟಿ, "ತಲೆ ಸಮಾ ಒರೆಸು, ಥಂಡಿ ಆಗ್ತದೆ" ಎಂದಷ್ಟೇ ಹೇಳಿ ಹೋದರು.

6-30ಕ್ಕೆ ಭಾವ ಠಾಣೆಯಲ್ಲಿ ಜಟ್ಟಿಯವರ ಮೇಲೆ ದೂರು ಕೊಟ್ಟರು. ನಾನು ತಡೆಯಲಿಲ್ಲ.

ದಿನಾಂಕ 15 ಸೋಮವಾರ ಜಟ್ಟಿಯವರನ್ನು ವಿಚಾರಣೆಗೆ ಕರೆಸಿ, ಭಾವನ ದೂರನ್ನು ಅವರ ಎದುರಿಗೆ ಓದಿದ್ದಾಗಿ ಭಾವನೇ ನನಗೆ ತಿಳಿಸಿದರು. ಜಟ್ಟಿಯವರು, "ನಾ ಸಮಾ ಮಾಡೇ ಕೊಟ್ಟಿದ್ದೆ, ಮುಂದಿಂದು ನಂಗೆ ಗೊತ್ತಿಲ್ಲ" ಎಂದರಂತೆ. "ಹೇಳೂಕೆ ಬೇರೆ ಎಂತದೂ ಇಲ್ಲ ಅವಂಗೆ" ಎಂದು ಭಾವ ನಕ್ಕರು. ಹೇಳಲು ಇತ್ತು. ಅಂಗಡಿಯಲ್ಲಿ ದುರಸ್ತಿಗೆ ಬಿಟ್ಟಿದ್ದ ನಾಲ್ಕು ಸೈಕಲ್ಲುಗಳನ್ನು ಜನ ವಾಪಸ್ ಒಯ್ದಿದ್ದಾರೆ. ಅವರ ಹೆಂಡತಿ ಹೊನ್ನಿ ಇಂದು ಬೆಳಿಗ್ಗೆ 8-15ಕ್ಕೆ ಮೀನಿನ ಬುಟ್ಟಿ ಹೊತ್ತು ನಮ್ಮ ಗೇಟಿನ ಎದುರಿಗೆ ಹೋದರು. ಯಾವಾಗಲೂ ಮಗುವನ್ನು ಕೂಗಿ ಮಾತಾಡಿಸಿ ಹೋಗುವವರು, ಇಂದು ಕೂಗಲಿಲ್ಲ.

ಆದ್ದರಿಂದ ಬ್ರೇಕ್ ಹಿಡಿಯದ್ದಕ್ಕೆ ನಾನು ಹಚ್ಚಿದ ಎಣ್ಣೆಯೇ ಕಾರಣ, ಜಟ್ಟಿಯವರ ಕೆಲಸದಲ್ಲಿ ಯಾವ ತಪ್ಪೂ ಇಲ್ಲ. ಬಟ್ಟಲು ಮತ್ತು ಬಟ್ಟೆ ತಂದಿದ್ದೇನೆ. ಬಟ್ಟೆ ಒಗೆದಿಲ್ಲ. ಭಾವನ ದೂರನ್ನು ಓದಿದ ಹಾಗೆಯೇ ಇದನ್ನೂ ಜಟ್ಟಿಯವರ ಮತ್ತು ಭಾವನ ಎದುರಿಗೆ ಗಟ್ಟಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನನ್ನ ಗಂಡನಿಗೆ ಇನ್ನೂ ಗೊತ್ತಿಲ್ಲ, ನಾನೇ ಹೋಗಿ ಹೇಳುತ್ತೇನೆ. ಇಲ್ಲಿಂದ ಆಸ್ಪತ್ರೆಗೆ 1.2 ಕಿ.ಮೀ., ಮಗುವನ್ನು ಎತ್ತಿಕೊಂಡು ನಡೆದರೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಠಾಣೆಯಿಂದ ಯಾರೂ ಅವರಿಗೆ ಫೋನ್ ಮಾಡಬಾರದು.

ಬರೆದದ್ದನ್ನು ಎರಡು ಸಲ ಓದಿದ್ದೇನೆ. ಸುಳ್ಳು ಇರುವ ಜಾಗದಲ್ಲಿ ಸುಳ್ಳೆಂದೇ ಬರೆದಿದ್ದೇನೆ, ಉಳಿದದ್ದೆಲ್ಲ ನಡೆದದ್ದು.

ಸ್ಥಳ: ಕುಮಟಾ
ದಿನಾಂಕ: 16-12-2025, ಬೆಳಿಗ್ಗೆ 10-25

ಸಹಿ
ಸಂಪದಾ ಸುಹಾಸ ನಾಯ್ಕ