ಏಳನೇ ಸುತ್ತಿನ ಕಿಕ್ಕರು

೨೦೦೧ರ ಏಪ್ರಿಲ್. ಸ್ಯಾನ್ ಮಟಿಯೋ ಸ್ಟೇಷನ್ನಿನಲ್ಲಿ ರೈಲು ತಡ. ಅಮೆರಿಕನ್ ಫುಟ್‌ಬಾಲ್ ಟೀಮುಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಏಳು ಸುತ್ತಿನ ಡ್ರಾಫ್ಟು ಹಿಂದಿನ ದಿನ ಮುಗಿದಿತ್ತು. ನನ್ನ ಬೆನ್ನ ಹಿಂದೆ ಇಬ್ಬರು, ಇಲ್ಲಿ ಯಾರಿಗೆ ಕನ್ನಡ ಬರುತ್ತೆ ಅನ್ನೋ ಧೈರ್ಯದಲ್ಲಿ ಜೋರಾಗಿಯೇ ಮಾತಾಡುತ್ತಿದ್ದರು. ಟೋಪಿ ಹಾಕಿದವನಿಗೆ ಸಿಟ್ಟು.

"ಏಳನೇ ರೌಂಡಲ್ಲಿ ಹೋಗಿ ಹೋಗಿ ಚೆಂಡು ಒದೆಯೋಕಷ್ಟೇ ಬರೋ ಕಿಕ್ಕರ್‌ನ ತಗೊಂಡಿದಾರಲ್ಲ ಯತೀಶ್, ತಲೆ ಇದೆಯಾ ಇವರಿಗೆ? ಇರೋ ಕಿಕ್ಕರ್‌ಗೆ ಏನಾಗಿದೆ?"

"ಎಂತದೂ ಆಗ್ಲಿಲ್ಲ. ಅವನಿಗೆ ಸಂಬಳ ಜಾಸ್ತಿ ಮಾರಾಯ. ಈ ಹುಡುಗ ಅಗ್ಗ."

"ಹಾಗಂತ ಇಷ್ಟು ವರ್ಷ ಆಡಿದೋನನ್ನ ಕಳಿಸಿಬಿಡೋದಾ?"

"ಈಗ್ಲೇ ಅಲ್ಲ. ಆಗಸ್ಟಲ್ಲಿ ಟೀಮು ಫೈನಲ್ ಆಗುವ ತನಕ ಇಬ್ರೂ ಇರ್ತಾರೆ. ಹೊಸಬನಿಗೆ ಹಳಬನೇ ಹೇಳಿಕೊಡ್ಬೇಕು."

"ನಾನಾಗಿದ್ರೆ ಏನೂ ಹೇಳಿಕೊಡ್ತಿರ್ಲಿಲ್ಲ."

"ಅವನು ಬಂದು ಸರ್ ಅಂತ ಎದುರಿಗೆ ನಿಂತ್ರೆ ಎಂತ ಮಾಡೋದು?"

ಟೋಪಿಯವನು ಬಗ್ಗಿ ಹಳಿಯ ಕಡೆ ನೋಡಿ, ಮಾತು ಬದಲಿಸಿದ.

"ನಿನ್ನ ಜಾಗಕ್ಕೆ ಬರೋ ಹುಡುಗ ಇವತ್ತೇ ಜಾಯಿನ್ ಆಗೋದಾ?"

"ಹೌದು. ಕೋಡೆಲ್ಲ ತೋರಿಸ್ಲಿಕ್ಕೆ ಉಂಟು. ಕಂಪನಿ ನನ್ನನ್ನು ಕಳಿಸುವಷ್ಟರಲ್ಲಿ ಕಲೀಬೇಕಲ್ಲ ಅವನು."

"ಮನೇಲಿ?"

"ನೀತಾ ಪ್ಯಾಕಿಂಗ್ ಶುರು ಮಾಡಿದ್ದಾಳೆ."

"ಹೇಗಿದಾನೆ ಹುಡುಗ?"

"ಫೋನಲ್ಲಿ ಒಳ್ಳೆಯವನ ಹಾಗೆ ಕಂಡ. ಈ ಕಡೆ ಅಪಾರ್ಟ್‌ಮೆಂಟು ಸಿಗ್ತದಾ ಅಂತ ಕೇಳಿದ."

"ಏನಂದೆ?"

"ನಮ್ಮದೇ ಖಾಲಿ ಆಗ್ತದಲ್ಲ, ಬಂದು ನೋಡು ಅಂದೆ."

ರೈಲು ಬಂತು. ಸಿಟ್ಟಿನವನು ಟೀಮಿನ ಟೋಪಿ ತೆಗೆದು ಬ್ಯಾಗಿಗೆ ತುರುಕಿದ.

"ಕಿಕ್ಕರ್ ಒಳ್ಳೆಯವನೇ, ನೋಡ್ತಾ ಇರು," ಎನ್ನುತ್ತಾ ಯತೀಶ್ ಹತ್ತಿದ.

ದಿನಾ ನಾನು ಹತ್ತುವುದೂ ಅದೇ ಬೋಗಿ. ಅವತ್ತು, ಎಲ್ಲ ಕೇಳಿಸಿಕೊಂಡದ್ದು ಮುಖದಲ್ಲಿ ಕಾಣದಿರಲೆಂದು, ಹಿಂದಿನದಕ್ಕೆ ಹೋದೆ.